ಕೈಯಲ್ಲಿರುವ ಮೊಬೈಲೇ ಗಣಕಯಂತ್ರದ ಕಣ್ಣು

ಸರಕನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ, ಆಮೇಲೆ ಬೆಲೆ ಮಾತನಾಡುವುದು ನಮ್ಮ ವ್ಯಾಪಾರದ ಹಳೆಯ ಪದ್ಧತಿ. ಅರಿಶಿನದ ಕೊಂಬನ್ನು ಮುರಿದು ಒಳಬಣ್ಣ ನೋಡುವುದು, ಕರಿಕಲ್ಲಿನ ಮೇಲೆ ನೀರು ಚೆಲ್ಲಿ ಬಿರುಕು ಹುಡುಕುವುದು, ಟೊಮೆಟೊ ಕ್ರೇಟಿನ ತಳದ ಸಾಲನ್ನು ಮೇಲೆತ್ತಿ ಪರೀಕ್ಷಿಸುವುದು ಇವೆಲ್ಲ ಚಾಮರಾಜನಗರ, ಗುಂಡ್ಲುಪೇಟೆಗಳ ವರ್ತಕರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಗಳಲ್ಲ. ಆದರೆ ಇಂದು ಖರೀದಿದಾರರು ಈರೋಡಿನಲ್ಲೋ, ಕೋಳಿಕ್ಕೋಡಿನಲ್ಲೋ, ಸಮುದ್ರದಾಚೆಯ ಯಾವುದೋ ಊರಿನಲ್ಲೋ ಕುಳಿತು, "ಒಮ್ಮೆ ವಿಡಿಯೋದಲ್ಲಿ ತೋರಿಸಿ, ಆಮೇಲೆ ಮಾತನಾಡೋಣ" ಎನ್ನುತ್ತಾರೆ. ತೋರಿಸಬೇಕೆಂದರೆ ಗಣಕಯಂತ್ರಕ್ಕೊಂದು ಕಣ್ಣು ಬೇಕು. ಲೆಕ್ಕಪತ್ರಕ್ಕೆಂದು ನಾವು ಅಂಗಡಿಯಲ್ಲಿ ಇರಿಸಿಕೊಂಡಿರುವ ಮೇಜಿನ ಗಣಕಯಂತ್ರಗಳಿಗೆ ಸಾಮಾನ್ಯವಾಗಿ ಆ ಕಣ್ಣು ಇರುವುದಿಲ್ಲ.

ಈ ಲೇಖಕನ ಅನುಭವವೊಂದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ ಒಂದು ಲೋಡು ಅರಿಶಿನವನ್ನು ಹೊರರಾಜ್ಯದ ಖರೀದಿದಾರರೊಬ್ಬರಿಗೆ ಸಂಜೆಯ ಹೊತ್ತು ಗೋದಾಮಿನ ಹಳದಿ ಬಲ್ಬಿನ ಬೆಳಕಿನಲ್ಲಿ ವಿಡಿಯೋ ಮೂಲಕ ತೋರಿಸಲಾಯಿತು. ಬಣ್ಣ ಕಂಡು ಅವರು ಸಂತೋಷಪಟ್ಟು ದರ ಒಪ್ಪಿದರು. ಲಾರಿ ತಲುಪಿದ ಮೇಲೆ ಅವರಿಂದ ಬಂದ ಮಾತು ಒಂದೇ: "ನೀವು ತೋರಿಸಿದ ಬಣ್ಣ ಇದಲ್ಲ." ಸರಕಿನಲ್ಲಿ ಮೋಸವಿರಲಿಲ್ಲ, ಬೆಳಕು ಮತ್ತು ಕ್ಯಾಮೆರಾ ಸೇರಿ ಇದ್ದುದಕ್ಕಿಂತ ಗಾಢವಾದ ಬಣ್ಣವನ್ನು ಅವರಿಗೆ ತೋರಿಸಿದ್ದವು. ಬರಹದಲ್ಲಿ ಏನೂ ಇರಲಿಲ್ಲವಾದ್ದರಿಂದ ವಾದಿಸಲು ಆಧಾರವಿರಲಿಲ್ಲ. ದರ ಇಳಿಸಿಕೊಂಡು ಸುಮ್ಮನಾಗಬೇಕಾಯಿತು. ನಷ್ಟದ ಹಣಕ್ಕಿಂತಲೂ ಹೆಚ್ಚು ಕಾಡಿದ್ದು, ಆ ಖರೀದಿದಾರರ ಮನಸ್ಸಿನಲ್ಲಿ ಉಳಿದುಹೋದ ಸಂದೇಹ.

ನಮ್ಮ ಭಾಗಕ್ಕೆ ಈ ವಿಷಯ ಇನ್ನೊಂದು ಕಾರಣಕ್ಕೂ ಮುಖ್ಯ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ವಯನಾಡಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಹಾಗೂ ಗೂಡಲೂರು, ಊಟಿಯ ಕಡೆಗೆ ಹೋಗುವ 181, ಇವೆರಡರಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿರ್ಬಂಧವು 2009ರಿಂದ ಇದೆ. ವನ್ಯಜೀವಿಗಳ ರಕ್ಷಣೆಗಾಗಿ ಬಂದ ಈ ನಿಯಮದಿಂದಾಗಿ, ಸಂಜೆಯೊಳಗೆ ಮಾತು ಮುಗಿಯದ ತರಕಾರಿ ಲಾರಿ ಚೆಕ್‌ಪೋಸ್ಟಿನ ಈಚೆಗೇ ಬೆಳಗಿನವರೆಗೆ ನಿಲ್ಲುತ್ತದೆ. ಹೀಗಿರುವಾಗ ಲೋಡು ತುಂಬುವ ಮುನ್ನವೇ ಖರೀದಿದಾರರಿಗೆ ಸರಕನ್ನು ಸ್ಪಷ್ಟವಾಗಿ ತೋರಿಸಿ ಒಪ್ಪಿಗೆ ಪಡೆಯುವುದು ಅನುಕೂಲದ ಮಾತಷ್ಟೇ ಅಲ್ಲ, ಲಾಭನಷ್ಟದ ಮಾತು.

ಮೊಬೈಲನ್ನು ಗಣಕಯಂತ್ರದ ವೆಬ್ ಕ್ಯಾಮೆರಾ ಆಗಿ ಬಳಸುವುದು ಹೇಗೆ, ಅದರಲ್ಲಿ ಸರಕನ್ನು ಇದ್ದಂತೆ ತೋರಿಸುವುದು ಹೇಗೆ, ತೋರಿಸಿದ್ದನ್ನು ವ್ಯವಹಾರದ ದಾಖಲೆಯಾಗಿ ಉಳಿಸಿಕೊಳ್ಳುವುದು ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸುವುದೇ ಈ ಲೇಖನದ ಉದ್ದೇಶ.

ವೆಬ್ ಕ್ಯಾಮೆರಾ ಎಂದರೇನು?

ಗಣಕಯಂತ್ರಕ್ಕೆ ಚಲಿಸುವ ಚಿತ್ರವನ್ನು ಆಗಿಂದಾಗಲೇ ಒದಗಿಸುವ ಚಿಕ್ಕ ಕ್ಯಾಮೆರಾವೇ ವೆಬ್ ಕ್ಯಾಮೆರಾ. ಇದರ ಹುಟ್ಟು ಸ್ವಾರಸ್ಯಕರವಾದುದು. 1991ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯದ ಗಣಕ ಪ್ರಯೋಗಾಲಯದ ಸಂಶೋಧಕರು, ಬೇರೆ ಕೊಠಡಿಯಲ್ಲಿದ್ದ ಕಾಫಿ ಪಾತ್ರೆ ತುಂಬಿದೆಯೋ ಬರಿದಾಗಿದೆಯೋ ಎಂದು ಎದ್ದು ಹೋಗದೆಯೇ ತಿಳಿಯಲು ಅದರ ಮುಂದೆ ಒಂದು ಕ್ಯಾಮೆರಾ ಇರಿಸಿದರು. 1993ರಲ್ಲಿ ಆ ಚಿತ್ರ ಅಂತರ್ಜಾಲಕ್ಕೂ ಬಂದಿತು. ದೂರದಲ್ಲಿರುವ ವಸ್ತುವಿನ ಸ್ಥಿತಿಯನ್ನು ಅಲ್ಲಿಗೆ ಹೋಗದೆ ತಿಳಿಯುವುದು ಅಂದಿನ ಉದ್ದೇಶ. ವರ್ತಕರಿಗೆ ಇಂದು ಬೇಕಾಗಿರುವುದೂ ಅದೇ.

ಇನ್ನು ಮೊಬೈಲಿನಿಂದಲೇ ವಾಟ್ಸಾಪ್ ಕರೆ ಮಾಡಿದರೆ ಸಾಲದೇ ಎಂದು ಕೇಳಬಹುದು. ಅಂಗಳದಲ್ಲಿ ನಡೆದಾಡುತ್ತ ಸರಕು ತೋರಿಸುವುದಷ್ಟೇ ಕೆಲಸವಾದರೆ ಖಂಡಿತವಾಗಿ ಸಾಕು. ಆದರೆ ಒಂದು ಕಡೆ ಸರಕನ್ನು ತೋರಿಸುತ್ತ, ಇನ್ನೊಂದು ಕಡೆ ಕೊಟೇಶನ್, ಅಳತೆಯ ಪಟ್ಟಿ, ನಕ್ಷೆಗಳನ್ನು ತೆರೆದಿಟ್ಟುಕೊಂಡು ಮಾತನಾಡಬೇಕಾದಾಗ, ಮೂರು ನಾಲ್ಕು ಜನ ಸೇರಿ ದೊಡ್ಡ ಪರದೆಯಲ್ಲಿ ನೋಡಬೇಕಾದಾಗ, ಖರೀದಿದಾರರು ಜೂಮ್ ಅಥವಾ ಗೂಗಲ್ ಮೀಟ್ ಸಭೆಯ ಕೊಂಡಿ ಕಳುಹಿಸಿದಾಗ ಗಣಕಯಂತ್ರವೇ ಅನುಕೂಲ. ಸರಕು ಸೇವಾ ತೆರಿಗೆಯ ವಿಚಾರಣೆಗಳನ್ನೂ ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿಯ ಅಧಿಕಾರಿಗಳು 2020ರಿಂದ ವಿಡಿಯೋ ಮೂಲಕ ನಡೆಸುತ್ತ ಬಂದಿದ್ದಾರೆ. ಅಲ್ಲಿ ಕಾಗದಪತ್ರಗಳನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡೇ ಉತ್ತರಿಸಬೇಕಾಗುತ್ತದೆ.

ಹೊಸ ವೆಬ್ ಕ್ಯಾಮೆರಾ ಕೊಳ್ಳುವುದು ತಪ್ಪೇನಲ್ಲ. ಆದರೆ ಸಾಧಾರಣ ಬೆಲೆಯ ವೆಬ್ ಕ್ಯಾಮೆರಾಗಳಿಗಿಂತ ನಮ್ಮ ಕೈಯಲ್ಲಿರುವ ಮೊಬೈಲಿನ ಹಿಂಬದಿಯ ಕ್ಯಾಮೆರಾ ಬಹುಮಟ್ಟಿಗೆ ಮೇಲಾದದ್ದು. ಹೊಸ ಫೋನು ಕೊಂಡ ಮೇಲೆ ಮೇಜಿನ ಅರೆಯಲ್ಲಿ ಬಿದ್ದಿರುವ ಹಳೆಯ ಫೋನೂ ಈ ಕೆಲಸಕ್ಕೆ ಸಾಕು.

ಜೋಡಿಸುವ ನಾಲ್ಕು ವಿಧಾನಗಳು

1. ಕೇವಲ ತಂತಿಯಿಂದ: 2023ರಲ್ಲಿ ಬಂದ ಆಂಡ್ರಾಯ್ಡ್ 14ರ ಕಾಲದಿಂದ, ಈ ಸೌಲಭ್ಯವುಳ್ಳ ಫೋನುಗಳನ್ನು ಯುಎಸ್‌ಬಿ ತಂತಿಯಿಂದ ಗಣಕಯಂತ್ರಕ್ಕೆ ಜೋಡಿಸಿದರೆ ಸಾಕು. ಫೋನಿನ ಪರದೆಯ ಮೇಲ್ಭಾಗದಲ್ಲಿ ಕಾಣುವ ಯುಎಸ್‌ಬಿ ಸೂಚನೆಯನ್ನು ಒತ್ತಿ, 'ವೆಬ್‌ಕ್ಯಾಮ್' ಎಂಬುದನ್ನು ಆರಿಸಬೇಕು. ಗಣಕಯಂತ್ರಕ್ಕೆ ಬೇರೆ ತಂತ್ರಾಂಶ ಬೇಕಾಗಿಲ್ಲ. ಎಲ್ಲ ಕಂಪನಿಗಳ ಎಲ್ಲ ಫೋನುಗಳಲ್ಲಿಯೂ ಇದು ಇರುವುದಿಲ್ಲ. ತಂತಿ ಜೋಡಿಸಿದಾಗ ಆ ಹೆಸರು ಪಟ್ಟಿಯಲ್ಲಿ ಕಾಣದಿದ್ದರೆ ಮುಂದಿನ ವಿಧಾನಕ್ಕೆ ಹೋಗಬೇಕು.

2. ವಿಂಡೋಸ್ 11ರ ಮೂಲಕ: ಆಂಡ್ರಾಯ್ಡ್ 9 ಅಥವಾ ಅನಂತರದ ಫೋನಿನಲ್ಲಿ 'ಲಿಂಕ್ ಟು ವಿಂಡೋಸ್' ತಂತ್ರಾಂಶ ಹಾಕಿಕೊಳ್ಳಬೇಕು. ಬಳಿಕ ಗಣಕಯಂತ್ರದಲ್ಲಿ ಸೆಟ್ಟಿಂಗ್ಸ್, ಅದರೊಳಗೆ 'ಬ್ಲೂಟೂತ್ ಅಂಡ್ ಡಿವೈಸಸ್', ಅದರೊಳಗೆ 'ಮೊಬೈಲ್ ಡಿವೈಸಸ್' ಎಂಬಲ್ಲಿ ಫೋನನ್ನು ಸೇರಿಸಿ, ಕ್ಯಾಮೆರಾ ಆಗಿ ಬಳಸುವ ಗುಂಡಿಯನ್ನು ಚಾಲೂ ಮಾಡಬೇಕು. ಇದಕ್ಕೆ ತಂತಿ ಬೇಡ, ವೈಫೈ ಬೇಕು.

3. ಐಫೋನ್ ಮತ್ತು ಮ್ಯಾಕ್ ಉಳ್ಳವರಿಗೆ: ಐಓಎಸ್ 16 ಮತ್ತು ಮ್ಯಾಕ್ ಓಎಸ್ ವೆಂಚುರಾ ಬಂದ 2022ರಿಂದ, ಐಫೋನ್ ಎಕ್ಸ್‌ಆರ್ ಮತ್ತು ಅನಂತರದ ಫೋನುಗಳು ಮ್ಯಾಕ್ ಗಣಕಯಂತ್ರಕ್ಕೆ ತಾವಾಗಿಯೇ ಕ್ಯಾಮೆರಾ ಆಗಬಲ್ಲವು. ಎರಡರಲ್ಲೂ ಒಂದೇ ಆಪಲ್ ಖಾತೆ ಇರಬೇಕಾದುದು ಮುಖ್ಯ.

4. ಪ್ರತ್ಯೇಕ ತಂತ್ರಾಂಶದಿಂದ: ಮೇಲಿನ ಮೂರೂ ಹೊಂದದಿದ್ದರೆ ಡ್ರಾಯ್ಡ್‌ಕ್ಯಾಮ್, ಐರಿಯನ್, ಕ್ಯಾಮೋ ಮುಂತಾದ ತಂತ್ರಾಂಶಗಳಿವೆ. ಫೋನಿನಲ್ಲಿ ಒಂದು ಭಾಗ, ಗಣಕಯಂತ್ರದಲ್ಲಿ ಇನ್ನೊಂದು ಭಾಗ ಹಾಕಿಕೊಂಡು, ಎರಡನ್ನೂ ಒಂದೇ ವೈಫೈಗೆ ಅಥವಾ ಯುಎಸ್‌ಬಿ ತಂತಿಗೆ ಜೋಡಿಸಬೇಕು. ಉಚಿತ ಆವೃತ್ತಿಗಳಲ್ಲಿ ಕೆಲವು ಮಿತಿಗಳಿರುತ್ತವೆ.

ವಿಧಾನ ಯಾವುದಾದರೂ ಕೊನೆಯ ಹೆಜ್ಜೆ ಒಂದೇ. ಜೂಮ್ ಅಥವಾ ಮೀಟ್ ತೆರೆದು, ಕ್ಯಾಮೆರಾಗಳ ಪಟ್ಟಿಯಲ್ಲಿ ಫೋನಿನ ಅಥವಾ ಆ ತಂತ್ರಾಂಶದ ಹೆಸರನ್ನು ಆರಿಸಬೇಕು. ಗೋದಾಮಿನ ಗೋಡೆಗಳ ನಡುವೆ ವೈಫೈ ಬಲ ಕುಗ್ಗುವುದರಿಂದ ಸಾಧ್ಯವಿದ್ದಲ್ಲಿ ತಂತಿಯೇ ಉತ್ತಮ. ಧ್ವನಿಗೆ ಮಾತ್ರ ಗಣಕಯಂತ್ರಕ್ಕೆ ಜೋಡಿಸಿದ ಹೆಡ್‌ಫೋನನ್ನು ಬಳಸುವುದು ಒಳ್ಳೆಯದು.

ಇದ್ದದ್ದನ್ನು ಇದ್ದಂತೆ ತೋರಿಸಲು

ಬೆಳಕು: ಹಗಲಿನ ನೆರಳುಬೆಳಕು ಎಲ್ಲಕ್ಕಿಂತ ಶ್ರೇಷ್ಠ. ನೇರ ಬಿಸಿಲು ಬೇಡ. ಕಿಟಕಿ ಅಥವಾ ಬಾಗಿಲು ಸರಕಿನ ಹಿಂದಿರದೆ ಕ್ಯಾಮೆರಾದ ಬೆನ್ನಿಗಿರಲಿ. ಹಳದಿ ಬಲ್ಬು ಮತ್ತು ಬಿಳಿ ಟ್ಯೂಬ್‌ಲೈಟನ್ನು ಬೆರೆಸಬಾರದು.

ಬಣ್ಣ: ಫೋನು ತಾನಾಗಿಯೇ ಬಣ್ಣವನ್ನು ಸರಿಪಡಿಸಲು ಯತ್ನಿಸುತ್ತದೆ. ಚಿತ್ರದ ತುಂಬ ಅರಿಶಿನವೇ ಇದ್ದರೆ ಅದರ ಲೆಕ್ಕ ತಪ್ಪುತ್ತದೆ. ಆದುದರಿಂದ ಸರಕಿನ ಪಕ್ಕದಲ್ಲಿ ಒಂದು ಬಿಳಿ ಹಾಳೆಯನ್ನು ಇರಿಸಬೇಕು. ಪರದೆಯಲ್ಲಿ ಹಾಳೆ ಬಿಳಿಯಾಗಿ ಕಂಡರೆ ಸರಕಿನ ಬಣ್ಣವೂ ಬಹುಮಟ್ಟಿಗೆ ಸರಿ. ಹಾಳೆ ಹಳದಿಯಾಗಿ ಕಂಡರೆ ಬಣ್ಣದ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಬೆಳಕನ್ನು ಸರಿಪಡಿಸಬೇಕು. ನೋಡುವವರಿಗೂ ಆ ಹಾಳೆಯೇ ಸಾಕ್ಷಿ. ಈ ಲೇಖಕನು ಅಂದು ಒಂದು ಹಾಳೆ ಇರಿಸಿದ್ದರೆ ಆ ನಷ್ಟ ತಪ್ಪುತ್ತಿತ್ತು.

ಮಿನುಗು: ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಪಟ್ಟೆಗಳು ಓಡಿದಂತೆ ಕಾಣುವುದುಂಟು. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಅಮೆರಿಕದಲ್ಲಿ 60. ತಂತ್ರಾಂಶದಲ್ಲಿ ಮಿನುಗು ತಡೆಯುವ ಆಯ್ಕೆ ಇದ್ದರೆ ಅದನ್ನು 50 ಹರ್ಟ್ಸ್‌ಗೆ ಇರಿಸಿದಾಗ ಪಟ್ಟೆಗಳು ಸಾಮಾನ್ಯವಾಗಿ ಹೋಗುತ್ತವೆ.

ಸ್ಥಿರತೆ: ಫೋನನ್ನು ಕೈಯಲ್ಲಿ ಹಿಡಿಯದೆ ಒಂದು ಸ್ಟ್ಯಾಂಡಿಗೆ ಸಿಕ್ಕಿಸಬೇಕು. ಅಗಲ ಕೋನದ ಮಸೂರವನ್ನು ಹತ್ತಿರದಿಂದ ಬಳಸಿದರೆ ಅಂಚುಗಳು ಬಾಗಿದಂತೆ ಕಾಣುತ್ತವೆ. ಕಲ್ಲಿನ ವ್ಯಾಪಾರದಲ್ಲಿ ಇದು ಅನರ್ಥಕ್ಕೆ ಕಾರಣವಾದೀತು. ಅಳತೆಯ ಟೇಪನ್ನು ಸರಕಿನ ಮೇಲೆಯೇ ಚಾಚಿ ತೋರಿಸುವುದು ಕ್ಷೇಮ.

ಎರಡು ಸಣ್ಣ ಎಚ್ಚರಿಕೆಗಳು: ಸಭೆಯ ತಂತ್ರಾಂಶದಲ್ಲಿ ಹಿನ್ನೆಲೆಯನ್ನು ಮಸುಕುಗೊಳಿಸುವ ಸೌಲಭ್ಯ ಚಾಲೂ ಇದ್ದರೆ, ಕೈಯಲ್ಲಿ ಹಿಡಿದ ಮಾದರಿಯನ್ನೂ ಅದು ಹಿನ್ನೆಲೆಯೆಂದು ತಿಳಿದು ಮಸುಕುಗೊಳಿಸುತ್ತದೆ. ಅದನ್ನು ನಿಲ್ಲಿಸಬೇಕು. ಅಲ್ಲದೆ ಜೂಮ್‌ನಂಥ ತಂತ್ರಾಂಶಗಳಲ್ಲಿ ನಮ್ಮ ಪರದೆಯಲ್ಲಿ ನಮ್ಮ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುವುದುಂಟು. ಚೀಲದ ಮೇಲಿನ ಅಕ್ಷರಗಳು ತಿರುಗಿ ಕಂಡವೆಂದು ಗಾಬರಿಪಡಬೇಕಾಗಿಲ್ಲ. ಎದುರಿನವರಿಗೆ ಅವು ನೇರವಾಗಿಯೇ ಕಾಣುತ್ತವೆ.

ಅಂತರ್ಜಾಲದ ಲೆಕ್ಕ

ಉತ್ತಮ ಗುಣಮಟ್ಟದ, ಅಂದರೆ 720 ಪಿ ಎನ್ನುವ ವಿಡಿಯೋ ಮಾತುಕತೆಗೆ ಹೋಗುವ ಮತ್ತು ಬರುವ ಎರಡೂ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 1.2 ಮೆಗಾಬಿಟ್ ವೇಗ ಬೇಕು. ಈ ಲೆಕ್ಕದಲ್ಲಿ ಒಂದು ಗಂಟೆಗೆ ಒಂದು ದಿಕ್ಕಿನಲ್ಲಿ ಸುಮಾರು 540 ಎಂ.ಬಿ., ಎರಡೂ ಸೇರಿ ಒಂದು ಜಿ.ಬಿ.ಗಿಂತ ತುಸು ಹೆಚ್ಚು ಖರ್ಚಾಗುತ್ತದೆ. ಕಾಲು ಗಂಟೆಯ ಮಾತುಕತೆಗೆ ಅದರ ಕಾಲುಭಾಗ. ದಿನದ ಮಿತಿಯ ಮೊಬೈಲ್ ಡಾಟಾ ಬಳಸುವವರು ಇದನ್ನು ಗಮನದಲ್ಲಿಡಬೇಕು. ವೇಗ ಸಾಲದೆ ಬಂದಾಗ ತಂತ್ರಾಂಶವು ಚಿತ್ರವನ್ನೇ ಕುಗ್ಗಿಸುತ್ತದೆ, ದೋಷ ಕ್ಯಾಮೆರಾದ್ದಲ್ಲ.

ಇಲ್ಲೊಂದು ಮುಖ್ಯ ಅಂಶವಿದೆ. 720 ಪಿ ವಿಡಿಯೋದ ಒಂದು ಚಿತ್ರದಲ್ಲಿರುವುದು ಸುಮಾರು 9.2 ಲಕ್ಷ ಚುಕ್ಕೆಗಳು ಮಾತ್ರ. ಅದೇ ಫೋನಿನಿಂದ ತೆಗೆದ 12 ಮೆಗಾಪಿಕ್ಸೆಲ್ ಛಾಯಾಚಿತ್ರದಲ್ಲಿ 1.2 ಕೋಟಿ ಚುಕ್ಕೆಗಳಿರುತ್ತವೆ. ಅಂದರೆ ಸುಮಾರು 13 ಪಟ್ಟು. ಆದುದರಿಂದ ವಿಡಿಯೋ ಒಟ್ಟು ಸರಕನ್ನು ತೋರಿಸಲು, ಛಾಯಾಚಿತ್ರ ಸೂಕ್ಷ್ಮವನ್ನು ತೋರಿಸಲು ಎಂದು ಕೆಲಸ ಹಂಚಿಕೊಳ್ಳಬೇಕು. ಛಾಯಾಚಿತ್ರವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ. 'ಡಾಕ್ಯುಮೆಂಟ್' ಆಗಿ ಅಥವಾ ಇ-ಮೇಲ್ ಮೂಲಕ ಕಳುಹಿಸಿದರೆ ಮೂಲರೂಪದಲ್ಲೇ ತಲುಪುತ್ತದೆ.

ಸರಕಿಗೆ ತಕ್ಕ ಕ್ರಮ

ಕರಿಕಲ್ಲು: ಚಾಮರಾಜನಗರದ ಕರಿಕಲ್ಲು ಸ್ಮಾರಕಗಳಿಗೂ ಕಟ್ಟಡಗಳಿಗೂ ಹೊರದೇಶಗಳಲ್ಲಿ ಹೆಸರಾದದ್ದು. ಹೊಳಪು ಕೊಟ್ಟ ಸ್ಲ್ಯಾಬ್ ಕನ್ನಡಿಯಂತಿರುವುದರಿಂದ ನೇರವಾಗಿ ಹಿಡಿದ ಕ್ಯಾಮೆರಾಕ್ಕೆ ಕಾಣುವುದು ಕಲ್ಲಲ್ಲ, ಛಾವಣಿ ಮತ್ತು ದೀಪಗಳು. ಕ್ಯಾಮೆರಾವನ್ನು ಒಂದು ಬದಿಗೆ ಓರೆಯಾಗಿ ನಿಲ್ಲಿಸಿ, ದೀಪವನ್ನು ಇನ್ನೊಂದು ಬದಿಯಿಂದ ನಿಧಾನವಾಗಿ ಸರಿಸಿದರೆ ಕೂದಲೆಳೆಯಂಥ ಬಿರುಕೂ ಚುಕ್ಕೆಯೂ ಎದ್ದು ಕಾಣುತ್ತವೆ. ಪ್ರತಿ ಸ್ಲ್ಯಾಬಿನ ಸಂಖ್ಯೆಯನ್ನು ಮೊದಲು ತೋರಿಸಿ, ಆಮೇಲೆ ಕಲ್ಲನ್ನು ತೋರಿಸಬೇಕು. ಒದ್ದೆ ಮಾಡಿ ತೋರಿಸಿದರೆ, ಒಣಗಿದ ಮೇಲೆ ಮತ್ತೊಮ್ಮೆ ತೋರಿಸುವುದು ನ್ಯಾಯ.

ಅರಿಶಿನ: ರಾಶಿಯ ಮೇಲುಭಾಗವನ್ನಷ್ಟೇ ತೋರಿಸದೆ ಮೂರು ನಾಲ್ಕು ಚೀಲಗಳನ್ನು ಖರೀದಿದಾರರೇ ಆರಿಸುವಂತೆ ಹೇಳಿ, ಅವರ ಕಣ್ಣೆದುರಿಗೇ ಬಿಚ್ಚಬೇಕು. ಕೊಂಬು ಮತ್ತು ಗೆಡ್ಡೆಗಳನ್ನು ಬೇರೆಬೇರೆಯಾಗಿ ಬಿಳಿ ಹಾಳೆಯ ಮೇಲೆ ಹರಡಿ, ಕೆಲವನ್ನು ಮುರಿದು ತೋರಿಸಬೇಕು. ತೂಕದ ಯಂತ್ರದ ಅಂಕಿಯನ್ನು ಅದೇ ಚಿತ್ರದಲ್ಲಿ ಕಾಣಿಸಬೇಕು.

ತರಕಾರಿ: ತೆರಕಣಾಂಬಿಯಂಥ ಮಾರುಕಟ್ಟೆಯಲ್ಲಿ ಸಮಯವೇ ಹಣ. ಫೋನನ್ನು ಮೇಜಿನ ಮೇಲಿಂದ ಕೆಳಮುಖವಾಗಿ ಸ್ಟ್ಯಾಂಡಿಗೆ ಸಿಕ್ಕಿಸಿ, ಕ್ರೇಟನ್ನು ಅದರ ಕೆಳಗೆ ಸುರಿದರೆ ಮೇಲಿನ ಸಾಲು, ತಳದ ಸಾಲು ಎರಡೂ ಒಂದೇ ನೋಟಕ್ಕೆ ಸಿಗುತ್ತವೆ.

ಆದರೆ ಕ್ಯಾಮೆರಾಕ್ಕೆ ಮೂಗಿಲ್ಲ, ಕೈಯಿಲ್ಲ. ಅರಿಶಿನದ ತೇವಾಂಶ, ಅದರಲ್ಲಿರುವ ಕರ್ಕ್ಯುಮಿನ್ ಪ್ರಮಾಣ, ಕಲ್ಲಿನ ಒಳಸೀಳು, ಹಣ್ಣಿನ ಗಟ್ಟಿತನ ಇವನ್ನು ಯಾವ ಕ್ಯಾಮೆರಾವೂ ಹೇಳಲಾರದು. ಇವುಗಳಿಗೆ ಪ್ರಯೋಗಾಲಯದ ವರದಿ ಅಥವಾ ಮೊಹರು ಹಾಕಿದ ಮಾದರಿಯೇ ಆಧಾರ. ಇದನ್ನು ಖರೀದಿದಾರರಿಗೆ ನಾವೇ ಮೊದಲು ಹೇಳಿಬಿಟ್ಟರೆ ನಮ್ಮ ಮಾತಿಗೆ ಬೆಲೆ ಹೆಚ್ಚುತ್ತದೆ.

ಕಂಡದ್ದು ಬರಹಕ್ಕಿಳಿಯಲಿ

1930ರ ಸರಕು ಮಾರಾಟ ಅಧಿನಿಯಮವು ವಿಡಿಯೋ ಹುಟ್ಟುವ ಮುನ್ನಿನದಾದರೂ ಅದರ ತತ್ತ್ವಗಳು ಇಂದಿಗೂ ಅನ್ವಯಿಸುತ್ತವೆ. ವರ್ಣನೆಯ ಮೇಲೆ ಮಾರಿದ ಸರಕು ವರ್ಣನೆಗೆ ಹೊಂದಬೇಕೆಂದು 15ನೆಯ ಕಲಮು, ಮಾದರಿಯ ಮೇಲೆ ಮಾರಿದ ಸರಕು ಗುಣದಲ್ಲಿ ಮಾದರಿಗೆ ಹೊಂದಬೇಕೆಂದು 17ನೆಯ ಕಲಮು ಹೇಳುತ್ತವೆ. ಮೊದಲೇ ಪರೀಕ್ಷಿಸದ ಸರಕನ್ನು ತಲುಪಿದ ಬಳಿಕ ಪರೀಕ್ಷಿಸಲು ಖರೀದಿದಾರರಿಗೆ ಸೂಕ್ತ ಅವಕಾಶವಿರಬೇಕೆಂದು 41ನೆಯ ಕಲಮು ವಿಧಿಸುತ್ತದೆ. ವಿಡಿಯೋದಲ್ಲಿ ತೋರಿಸಿದ್ದು ವರ್ಣನೆಯೋ, ಮಾದರಿಯೋ, ಪರೀಕ್ಷೆಯೋ ಎಂಬ ವಾದಕ್ಕೆ ಎಡೆಗೊಡದಿರಬೇಕಾದರೆ ಮಾತುಕತೆ ಮುಗಿದ ಕೂಡಲೇ ಒಂದು ಇ-ಮೇಲ್ ಕಳುಹಿಸಬೇಕು. ಅದರಲ್ಲಿ ದಿನಾಂಕ, ವೇಳೆ, ತೋರಿಸಿದ ಚೀಲ ಅಥವಾ ಸ್ಲ್ಯಾಬುಗಳ ಸಂಖ್ಯೆ, ಅಳತೆ, ತೂಕ, ಒಪ್ಪಿದ ದರ, ವಿಡಿಯೋದಲ್ಲಿ ತೋರಿಸಲಾಗದ ಗುಣಗಳು ಯಾವುವು ಎಂಬ ವಿವರ ಇರಲಿ. "ಒಪ್ಪಿದ್ದೇವೆ" ಎಂಬ ಒಂದು ಸಾಲಿನ ಉತ್ತರ ಪಡೆದ ಮೇಲೆಯೇ ಲೋಡು ತುಂಬಬೇಕು.

ಉದ್ಯಮ್ ನೋಂದಣಿಯುಳ್ಳ ಕಿರು ಮತ್ತು ಸಣ್ಣ ತಯಾರಕರಿಗೆ ಈ ಬರಹ ಇನ್ನೊಂದು ವಿಧದಲ್ಲಿ ಉಪಯುಕ್ತ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಅಧಿನಿಯಮದಂತೆ ಖರೀದಿದಾರರು ಸರಕು ತಲುಪಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ತಲುಪಿದ ದಿನವೇ ಅಂಗೀಕರಿಸಿದರೆಂದು ಭಾವಿಸಲಾಗುತ್ತದೆ. ಹಣ ಪಾವತಿಗೆ ಒಪ್ಪಂದದ ಅವಧಿಯು ಅಂಗೀಕಾರದಿಂದ 45 ದಿನಗಳನ್ನು ಮೀರುವಂತಿಲ್ಲ. ಕೇವಲ ಕೊಂಡು ಮಾರುವ ವರ್ತಕರಿಗೆ 2021ರಿಂದ ಉದ್ಯಮ್ ನೋಂದಣಿ ದೊರೆತರೂ ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕೆ ಸೀಮಿತ. ಅವರಿಗೆ ಲಿಖಿತ ಒಪ್ಪಂದವೇ ಮುಖ್ಯ ರಕ್ಷೆ.

ಮಾತುಕತೆಯನ್ನು ಧ್ವನಿಚಿತ್ರವಾಗಿ ಉಳಿಸಿಕೊಳ್ಳುವುದಾದರೆ ಎದುರಿನವರಿಗೆ ತಿಳಿಸಿಯೇ ಉಳಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಪ್ರಮಾಣಪತ್ರ ಬೇಕಾಗುತ್ತದೆ. ಆದುದರಿಂದ ಮೂಲ ಕಡತವನ್ನು ಕತ್ತರಿಸದೆ, ಹೆಸರು ಬದಲಿಸದೆ ಜೋಪಾನವಾಗಿಡಬೇಕು.

ಸುರಕ್ಷತೆ

ತಂತ್ರಾಂಶವನ್ನು ಪ್ಲೇ ಸ್ಟೋರಿನಿಂದ ಅಥವಾ ತಯಾರಕರ ಸ್ವಂತ ತಾಣದಿಂದ ಮಾತ್ರ ಪಡೆಯಬೇಕು. ಯಾರೋ ವಾಟ್ಸಾಪಿನಲ್ಲಿ ಕಳುಹಿಸಿದ ಕಡತವನ್ನು ಹಾಕಿಕೊಳ್ಳಕೂಡದು. ತಂತಿಯ ಜೋಡಣೆಗೆ 'ಯುಎಸ್‌ಬಿ ಡೀಬಗಿಂಗ್' ಚಾಲೂ ಮಾಡಿದ್ದರೆ ಕೆಲಸ ಮುಗಿದೊಡನೆ ನಿಲ್ಲಿಸಬೇಕು. ಕ್ಯಾಮೆರಾದ ಹಿನ್ನೆಲೆಯಲ್ಲಿ ದರದ ಹಲಗೆ, ಬೇರೆ ಗಿರಾಕಿಗಳ ಹೆಸರುಳ್ಳ ಚೀಲ, ಚೆಕ್ ಪುಸ್ತಕ ಕಾಣದಂತೆ ನೋಡಿಕೊಳ್ಳಬೇಕು. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಇನ್ನೂ ಅದನ್ನೇ ಬಳಸುವವರು ಬದಲಾವಣೆಯ ಯೋಚನೆ ಮಾಡುವುದು ಲೇಸು. ವಿಡಿಯೋದಲ್ಲಿ ಅಧಿಕಾರಿಯ ವೇಷದಲ್ಲಿ ಕಾಣಿಸಿಕೊಂಡು ಹಣ ಕೇಳುವ ವಂಚಕರೂ ಇದ್ದಾರೆ. ಅಂಥ ಕರೆಯನ್ನು ತಕ್ಷಣ ನಿಲ್ಲಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ದೂರು ನೀಡಬೇಕು.

ಕೊನೆಯ ಮಾತು

ಮೇಲೆ ಹೇಳಿದ್ದೆಲ್ಲವನ್ನೂ ಒಂದೇ ದಿನದಲ್ಲಿ ಕಲಿಯಬೇಕಾಗಿಲ್ಲ. ಬಿಡುವಿನ ವೇಳೆಯಲ್ಲಿ ಪಕ್ಕದ ಅಂಗಡಿಯ ಮಿತ್ರರೊಂದಿಗೆ ಒಮ್ಮೆ ಪ್ರಯೋಗ ಮಾಡಿ, ನಮ್ಮ ಸರಕು ಅವರ ಪರದೆಯಲ್ಲಿ ಹೇಗೆ ಕಾಣುತ್ತದೆಂದು ಅವರ ಬಾಯಿಂದಲೇ ಕೇಳಬೇಕು. ಬೆಳಕು, ಬಿಳಿ ಹಾಳೆ, ಅಳತೆಯ ಟೇಪು, ಸ್ಟ್ಯಾಂಡು, ಕೊನೆಗೆ ಲಿಖಿತ ಒಪ್ಪಿಗೆ ಈ ಐದನ್ನು ರೂಢಿ ಮಾಡಿಕೊಂಡರೆ ಸಾಕು.

ಮಂಡಿಯಲ್ಲಿ ಮುಖಾಮುಖಿಯಾಗಿ ನಿಂತಾಗ ಖರೀದಿದಾರರು ಸರಕನ್ನು ತಾವೇ ನೋಡಿಕೊಳ್ಳುತ್ತಿದ್ದರು. ಈಗ ಅವರು ನೋಡುವುದು ನಾವು ಹಿಡಿದ ಕಣ್ಣಿನಿಂದ. ಆ ಕಣ್ಣನ್ನು ನಂಬಿಕೆಗೆ ತಕ್ಕಂತೆ ಹಿಡಿಯುವ ಹೊಣೆ ವರ್ತಕ ಬಾಂಧವರಾದ ನಮ್ಮದು.